ನಿಂತ ನೀರಿನ ಮೀನಿಗೆ ಹರಿವ ನೀರಿನ ಶಿಕ್ಷೆ ಏಕೆ?

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸ ಈಗ ಸಿರಿವಂತರ ಹಜಾರಕ್ಕೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ಹೊಸೂರು, ಬಾಗಲೂರು, ತಳಿ, ಡೆಂಕಣಿಕೋಟೆ ಕಡೆಯ ಸಾಧಾರಣ ಮನೆಗಳಲ್ಲಿಯೂ ಶಾಲೆಗಳ ವಿಜ್ಞಾನ ಕೊಠಡಿಗಳಲ್ಲಿಯೂ ಎರಡಡಿ ಉದ್ದದ ತೊಟ್ಟಿಯೊಂದು ಕಾಣಸಿಗುತ್ತದೆ. ಕಾಸರಗೋಡಿನ ಕನ್ನಡ ಮನೆಗಳಲ್ಲಿಯೂ ಹೀಗೆಯೇ ಇರಬಹುದು. ಇದು ಸಂತೋಷದ ವಿಷಯವೇ. ಆದರೆ ತೊಟ್ಟಿ ತಂದ ಎರಡು ಮೂರು ವಾರಗಳಲ್ಲಿ ಮೀನುಗಳು ಒಂದೊಂದಾಗಿ ತೇಲುವುದು, ಮಕ್ಕಳು ಮುಖ ಸಪ್ಪಗೆ ಮಾಡಿಕೊಂಡು ನಿಲ್ಲುವುದು, ಕೊನೆಗೆ ತೊಟ್ಟಿ ಅಟ್ಟ ಸೇರುವುದು, ಇದೂ ಅಷ್ಟೇ ಸಾಮಾನ್ಯವಾಗಿದೆ. ಇದಕ್ಕೆ ಮೀನಿನ ಹಣೆಬರಹವನ್ನು ದೂರಿ ಫಲವಿಲ್ಲ. ಬಹುಪಾಲು ಸಂದರ್ಭಗಳಲ್ಲಿ ತಪ್ಪು ಇರುವುದು ನೀರು ಸೋಸುವ ಯಂತ್ರದ, ಅಂದರೆ ಫಿಲ್ಟರಿನ ಆಯ್ಕೆಯಲ್ಲಿ ಮತ್ತು ಅದನ್ನು ನಡೆಸುವ ಕ್ರಮದಲ್ಲಿ ಎಂಬುದು ನಮ್ಮ ಅಭಿಪ್ರಾಯ.

ಇತ್ತೀಚೆಗೆ ಮೀನು ಸಾಕುವವರಲ್ಲಿ ಒಂದು ಒಳ್ಳೆಯ ಪದ್ಧತಿ ಬೆಳೆಯುತ್ತಿದೆ. ಹತ್ತು ದೇಶಗಳ ಹತ್ತು ಬಣ್ಣದ ಮೀನುಗಳನ್ನು ಒಂದೆಡೆ ಕೂಡಿಹಾಕುವ ಬದಲು, ಒಂದು ನಿರ್ದಿಷ್ಟ ಕೆರೆಯ ಅಥವಾ ತೊರೆಯ ಮಣ್ಣು, ಕಲ್ಲು, ಗಿಡ, ಮೀನು, ನೀರಿನ ಗುಣ ಇವೆಲ್ಲವನ್ನೂ ತೊಟ್ಟಿಯೊಳಗೆ ಆದಷ್ಟು ಹಾಗೆಯೇ ರೂಪಿಸುವುದು. ಇದನ್ನು ಬಯೋಟೋಪ್ ತೊಟ್ಟಿ ಎನ್ನುತ್ತಾರೆ. ನಾವು ಇದನ್ನು ‘ನೆಲೆತೊಟ್ಟಿ’ ಎಂದು ಕರೆಯೋಣ. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬ ಇಂಗ್ಲಿಷ್ ಪ್ರಕೃತಿ ವಿಜ್ಞಾನಿ ‘ಅಕ್ವೇರಿಯಂ’ ಎಂಬ ಪದವನ್ನು ಬಳಕೆಗೆ ತಂದ ಕಾಲದಲ್ಲಿ ಅವನ ಉದ್ದೇಶವೂ ಸುಮಾರು ಇದೇ ಆಗಿತ್ತು: ಜೀವಿಗಳನ್ನು ಅವುಗಳ ನೆಲೆಯೊಡನೆ ನೋಡಿ ತಿಳಿಯುವುದು. ಬರಬರುತ್ತಾ ಅದು ಅಲಂಕಾರದ ಪೆಟ್ಟಿಗೆಯಾಯಿತು. ಈಗ ಮತ್ತೆ ಮೂಲಕ್ಕೆ ಮರಳುತ್ತಿದೆ.

ನಮ್ಮ ಕಡೆ ಇಂಥ ತೊಟ್ಟಿಗೆ ಮಾದರಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಬಂಡೆಗಲ್ಲಿನ ನಾಡಿನಲ್ಲಿ ನೀರೆಂದರೆ ಮುಖ್ಯವಾಗಿ ಕೆರೆ, ಕುಂಟೆ, ಕಟ್ಟೆ. ತೂಬು ತೆರೆದಾಗ, ಕೋಡಿ ಬಿದ್ದಾಗ ಮಾತ್ರ ಈ ನೀರು ಓಡುತ್ತದೆ. ಉಳಿದ ದಿನಗಳಲ್ಲಿ ನಿಂತೇ ಇರುತ್ತದೆ. ಕಾಸರಗೋಡಿನ ಓದುಗರಿಗೆ ಪಳ್ಳವೂ ಗೊತ್ತು, ತೋಡೂ ಗೊತ್ತು. ಎರಡರ ನೀರಿನ ನಡೆ ಬೇರೆ ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಅಂಗಡಿಯಲ್ಲಿ ಫಿಲ್ಟರ್ ಕೊಳ್ಳುವಾಗ ಈ ವ್ಯತ್ಯಾಸವನ್ನು ನಾವೆಲ್ಲ ಮರೆತುಬಿಡುತ್ತೇವೆ.

ಅಂಗಡಿಯಾತ ಸಾಮಾನ್ಯವಾಗಿ ಹೇಳುವ ಮಾತು ಒಂದೇ: “ಮೇಷ್ಟ್ರೇ, ಸ್ವಲ್ಪ ಪವರ್ ಜಾಸ್ತಿ ಇರೋದೇ ತಗೊಳ್ಳಿ, ನೀರು ಕನ್ನಡಿ ಹಾಗಿರುತ್ತೆ.” ಅವನ ಮಾತು ಪೂರ್ತಿ ಸುಳ್ಳಲ್ಲ. ಕಣ್ಣಿಗೆ ಕಾಣುವ ಕಸವನ್ನು ಬಲವಾದ ಪಂಪು ಬೇಗ ಎಳೆದುಕೊಳ್ಳುತ್ತದೆ. ಆದರೆ ಮೀನನ್ನು ಕೊಲ್ಲುವುದು ಕಣ್ಣಿಗೆ ಕಾಣುವ ಕಸವಲ್ಲ. ಇದನ್ನು ಸ್ವಲ್ಪ ವಿವರಿಸುವುದು ಅಗತ್ಯ.

ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ತಿಂದುಳಿದ ಆಹಾರ, ಕೊಳೆತ ಎಲೆ ಇವುಗಳಿಂದಲೂ ಅಮೋನಿಯ ಹುಟ್ಟುತ್ತದೆ. ಇದು ಮೀನಿಗೆ ವಿಷ. ನೀರು ಕ್ಷಾರೀಯವಾದಷ್ಟೂ ಈ ವಿಷದ ತೀವ್ರತೆ ಹೆಚ್ಚು. ನಮ್ಮ ಕಡೆಯ ಕೊಳವೆ ಬಾವಿಗಳ ನೀರು ಸಾಮಾನ್ಯವಾಗಿ ಗಡಸು ನೀರಾದ್ದರಿಂದ ಈ ಎಚ್ಚರಿಕೆ ನಮಗೆ ಹೆಚ್ಚಾಗಿಯೇ ಬೇಕು. ಪ್ರಕೃತಿಯಲ್ಲಿ ಇದಕ್ಕೊಂದು ವ್ಯವಸ್ಥೆಯಿದೆ. ಒಂದು ಬಗೆಯ ಬ್ಯಾಕ್ಟೀರಿಯಾಗಳು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ, ಗಿಡಗಳಿಗೆ ಅದು ಗೊಬ್ಬರ. ಸಿಹಿನೀರಿನ ತೊಟ್ಟಿಗಳಲ್ಲಿ ಈ ಎರಡನೆಯ ಕೆಲಸವನ್ನು ಮಾಡುವುದು ನೈಟ್ರೋಸ್ಪೈರ ಎಂಬ ಗುಂಪಿನ ಜೀವಿಗಳೆಂದು 1998ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಸುಮ್ಮನೆ ತೇಲಾಡಿಕೊಂಡಿರುವುದಕ್ಕಿಂತ ಹೆಚ್ಚಾಗಿ ಮರಳು, ಕಲ್ಲು, ಸ್ಪಂಜು ಮುಂತಾದವುಗಳ ಮೈಗೆ ಅಂಟಿಕೊಂಡು ಬದುಕುತ್ತವೆ. ಹೊಸ ತೊಟ್ಟಿಯಲ್ಲಿ ಇವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಆ ಅವಧಿಯೊಳಗೇ ತೊಟ್ಟಿ ತುಂಬ ಮೀನು ಬಿಟ್ಟರೆ ಯಾವ ಫಿಲ್ಟರೂ ಕಾಪಾಡಲಾರದು.

ಹೀಗಾಗಿ ಫಿಲ್ಟರಿನ ಮುಖ್ಯ ಕೆಲಸ ನೀರನ್ನು ರಭಸದಿಂದ ಓಡಿಸುವುದಲ್ಲ. ಈ ಸೂಕ್ಷ್ಮಜೀವಿಗಳಿಗೆ ವಾಸಿಸಲು ಜಾಗವನ್ನೂ ಉಸಿರಾಡಲು ಆಮ್ಲಜನಕ ಕೂಡಿದ ನೀರನ್ನೂ ಒದಗಿಸುವುದು. ಅದಕ್ಕೆ ನಿಧಾನವಾದ ಹರಿವೇ ಸಾಕು.

ಇಲ್ಲಿ ನಾವು ಎಂಟನೆಯ ತರಗತಿಯ ಮಕ್ಕಳೂ ಮಾಡಬಹುದಾದ ಒಂದು ಲೆಕ್ಕವನ್ನು ಓದುಗರ ಮುಂದಿಡುತ್ತೇವೆ. ತೊಟ್ಟಿಯ ಉದ್ದ 60 ಸೆಂಟಿಮೀಟರ್, ಅಗಲ 30, ನೀರಿನ ಎತ್ತರ 25 ಎಂದು ಇಟ್ಟುಕೊಳ್ಳಿ. ನೀರು 45 ಲೀಟರ್ ಆಯಿತು. ಅಂಗಡಿಯಾತ ಗಂಟೆಗೆ 270 ಲೀಟರ್ ಎಸೆಯುವ ಪಂಪು ಕೊಟ್ಟನೆನ್ನೋಣ. ಅಂದರೆ ತೊಟ್ಟಿಯ ನೀರು ಗಂಟೆಗೆ 6 ಸಲ ಸುತ್ತುತ್ತದೆ. ಸೆಕೆಂಡಿಗೆ 75 ಘನ ಸೆಂಟಿಮೀಟರ್. ಇದು 1.2 ಸೆಂಟಿಮೀಟರ್ ವ್ಯಾಸದ ಕೊಳವೆಯ ಬಾಯಿಂದ ಹೊರಬಿದ್ದರೆ ಆ ಬಾಯಲ್ಲಿ ನೀರಿನ ವೇಗ ಸೆಕೆಂಡಿಗೆ ಸುಮಾರು 66 ಸೆಂಟಿಮೀಟರ್. ಮೂರು ಸೆಂಟಿಮೀಟರ್ ಉದ್ದದ ಮೀನಿಗೆ ಅದು ತನ್ನ ಮೈಯುದ್ದದ 22 ಪಟ್ಟು! ಮುಂದೆ ಹೋದಂತೆ ವೇಗ ಕಡಿಮೆಯಾಗುತ್ತದೆ ನಿಜ. ಆದರೆ ಎರಡಡಿಯ ತೊಟ್ಟಿಯಲ್ಲಿ ಮುಂದೆ ಹೋಗಲು ಜಾಗವೆಲ್ಲಿದೆ? ಎದುರಿನ ಗಾಜಿಗೆ ಬಡಿದು ತಿರುಗುತ್ತದೆ.

ಈಗ ಇನ್ನೊಂದು ಬಗೆ ನೋಡಿ. ತೊಟ್ಟಿಯ ಒಂದು ತುದಿಯಲ್ಲಿ ಅಡ್ಡಕ್ಕೆ, ಗಾಜಿನಿಂದ ಗಾಜಿಗೆ, ತಳದಿಂದ ನೀರಿನ ಮಟ್ಟದವರೆಗೆ ಸ್ಪಂಜಿನ ಹಲಗೆಯೊಂದನ್ನು ನಿಲ್ಲಿಸಿದರೆ ಅದರ ಮುಖ 750 ಚದರ ಸೆಂಟಿಮೀಟರ್. ಅಷ್ಟೇ 270 ಲೀಟರ್ ಅದರ ಮೂಲಕ ಹಾದರೂ ವೇಗ ಸೆಕೆಂಡಿಗೆ ಒಂದು ಮಿಲಿಮೀಟರ್ ಮಾತ್ರ. ನೀರು ಅದೇ, ಅಳತೆ ಅದೇ. ವೇಗದಲ್ಲಿ ಆರುನೂರು ಪಟ್ಟಿಗೂ ಹೆಚ್ಚಿನ ಅಂತರ. ಅಗಲವಾದ ಬಾಯಿ ನೀರನ್ನು ಸಾಧುವಾಗಿಸುತ್ತದೆ, ಕಿರಿದಾದ ಬಾಯಿ ಅದನ್ನು ಬಾಣವಾಗಿಸುತ್ತದೆ. ಜರ್ಮನಿಯಲ್ಲಿ ಬಳಕೆಗೆ ಬಂದು ‘ಹ್ಯಾಂಬರ್ಗ್ ಚಾಪೆ ಫಿಲ್ಟರ್’ ಎಂದು ಹೆಸರಾದದ್ದು ಇದೇ ಉಪಾಯ. ಸ್ಪಂಜಿನ ಹಿಂದಿನಿಂದ ನೀರನ್ನು ಮುಂದಕ್ಕೆ ತರಲು ಪಂಪಿನ ಬದಲು ಗಾಳಿಯ ಗುಳ್ಳೆಗಳಿಂದ ನೀರೆತ್ತುವ ಎರಡೂವರೆ ಸೆಂಟಿಮೀಟರ್ ಕೊಳವೆಯಿಟ್ಟು, ಹರಿವನ್ನು ಅರ್ಧಕ್ಕೆ ಇಳಿಸಿದರೆ, ಆ ಬಾಯಲ್ಲಿಯೂ ವೇಗ ಸೆಕೆಂಡಿಗೆ 8 ಸೆಂಟಿಮೀಟರ್‌ನ ಒಳಗೇ. ಗುಳ್ಳೆಗಳ ಲೆಕ್ಕ ಇದರಲ್ಲಿ ಸೇರಿಲ್ಲ. ಆದರೂ ತಾರತಮ್ಯ ತಿಳಿಯಲು ಇಷ್ಟು ಸಾಕು.

ಇಷ್ಟೆಲ್ಲ ಲೆಕ್ಕ ಮೀನಿಗೆ ಏಕೆ ಬೇಕು? ಅದರ ಬದುಕನ್ನು ನೋಡಿದರೆ ತಿಳಿಯುತ್ತದೆ. ದಕ್ಷಿಣ ಭಾರತದ ಕೆರೆಕುಂಟೆಗಳಲ್ಲಿ, ಗದ್ದೆಯ ಕಾಲುವೆಗಳಲ್ಲಿ ನೀರಿನ ಮೇಲ್ಮೈಗೆ ಅಂಟಿಕೊಂಡಂತೆ ನಿಲ್ಲುವ ಒಂದು ಪುಟ್ಟ ಮೀನಿದೆ. ತಲೆಯ ಮೇಲೆ ಬೆಳ್ಳಿಯ ಚುಕ್ಕೆ ಹೊಳೆಯುತ್ತದೆ. ಮಲಯಾಳದಲ್ಲಿ ಇದನ್ನು ‘ಮಾನತ್ತುಕಣ್ಣಿ’, ಅಂದರೆ ಆಕಾಶಕ್ಕೆ ಕಣ್ಣಿಟ್ಟದ್ದು ಎನ್ನುತ್ತಾರೆ. ಶಾಸ್ತ್ರೀಯ ಹೆಸರು ಅಪ್ಲೋಕೈಲಸ್. ಬಾಯಿ ಮೇಲ್ಮುಖವಾಗಿರುವುದರಿಂದ ಮೇಲ್ಮೈಯಲ್ಲಿರುವ ಸೊಳ್ಳೆಯ ಮರಿಗಳೇ ಅದರ ಊಟ. 1928ರ ಸುಮಾರಿಗೆ ಸೊಳ್ಳೆಯ ನಾಶಕ್ಕೆಂದು ಹೊರದೇಶದ ಗ್ಯಾಂಬೂಸಿಯ ಮೀನನ್ನು ಭಾರತಕ್ಕೆ ತರಲಾಯಿತು. ಅದಕ್ಕಿಂತ ಎಷ್ಟೋ ಹಿಂದಿನಿಂದ ಅದೇ ಕೆಲಸವನ್ನು ಮಾಡುತ್ತ ಬಂದ ನಮ್ಮದೇ ಮೀನು ಇದು. ಮೇಲ್ಮೈ ಸದಾ ಕುದಿಯುವಂತೆ ಅಲ್ಲಾಡುವ ತೊಟ್ಟಿಯಲ್ಲಿ ಇದು ಮೂಲೆ ಹಿಡಿದು ಸೊರಗುತ್ತದೆ.

ಇನ್ನೊಂದು, ತಮಿಳುನಾಡು ಮತ್ತು ಕೇರಳದ ತಗ್ಗು ಪ್ರದೇಶಗಳ ನಿಂತ ನೀರಿನಲ್ಲಿರುವ ಸ್ಯೂಡೋಸ್ಫ್ರೊಮಿನಸ್ ಕುಪಾನಸ್. ಹೆಸರು ಉದ್ದ, ಮೀನು ಎರಡಂಗುಲ. ಇದು ಮೇಲಿನ ಗಾಳಿಯನ್ನೂ ನುಂಗಿ ಉಸಿರಾಡಬಲ್ಲದು. ಗಂಡು ಮೀನು ಎಲೆಯ ಮರೆಯಲ್ಲಿ ಗುಳ್ಳೆಗಳ ಗೂಡು ಕಟ್ಟಿ, ಮೊಟ್ಟೆಗಳನ್ನು ಅದರೊಳಗಿಟ್ಟು ಕಾವಲು ಕಾಯುತ್ತದೆ. ರಭಸದ ಫಿಲ್ಟರ್ ಇರುವೆಡೆ ಆ ಗೂಡು ಒಂದು ಗಳಿಗೆಯೂ ನಿಲ್ಲದು. ಹುಟ್ಟಿದ ಮರಿಗಳಿದ್ದರೂ ಪಂಪಿನ ಬಾಯಿ ಸೇರುತ್ತವೆ. ಒಬ್ಬ ತಂದೆ ತನ್ನ ಮಕ್ಕಳನ್ನು ಸಾಕುವ ಈ ದೃಶ್ಯಕ್ಕಿಂತ ಮಿಗಿಲಾದ ಪಾಠ ಯಾವ ಪಠ್ಯಪುಸ್ತಕದಲ್ಲಿದೆ? ಅದನ್ನು ತಪ್ಪಿಸುವ ಯಂತ್ರಕ್ಕೆ ನಾವೇ ಹೆಚ್ಚು ಹಣ ತೆರುತ್ತಿದ್ದೇವೆ!

ಆದ್ದರಿಂದ ಕೆರೆಕುಂಟೆಗಳ ನೆಲೆತೊಟ್ಟಿಗೆ ನಾವು ಶಿಫಾರಸು ಮಾಡುವುದು ಸಾದಾ ಸ್ಪಂಜು ಫಿಲ್ಟರನ್ನು. ಒಂದು ಸ್ಪಂಜಿನ ಉರುಳೆ, ನಡುವೆ ಕೊಳವೆ, ಹೊರಗೆ ಚಿಕ್ಕ ಏರ್ ಪಂಪ್, ಇಷ್ಟೇ ಅದರ ಸಲಕರಣೆ. ಗಾಳಿಯ ಗುಳ್ಳೆಗಳು ಕೊಳವೆಯಲ್ಲಿ ಮೇಲೇರುವಾಗ ನೀರನ್ನೂ ಎತ್ತಿಕೊಂಡು ಹೋಗುತ್ತವೆ. ಆ ಜಾಗ ತುಂಬಲು ಸುತ್ತಲಿನ ನೀರು ಸ್ಪಂಜಿನ ಮೂಲಕ ಮೆಲ್ಲಗೆ ಒಳಬರುತ್ತದೆ. ಗಾಳಿಯ ನಳಿಕೆಗೆ ಒಂದು ಪುಟ್ಟ ತಿರುಪನ್ನು ಸೇರಿಸಿದರೆ ಹರಿವನ್ನು ಬೇಕಾದಷ್ಟು ತಗ್ಗಿಸಬಹುದು. ಬೆಲೆ ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುತ್ತದೆ. ಮೂರು ವಾಟಿನ ಪಂಪು ಹಗಲಿರುಳು ನಡೆದರೂ ತಿಂಗಳಿಗೆ ಎರಡು ಯೂನಿಟ್ಟಿಗಿಂತ ತುಸು ಹೆಚ್ಚು ವಿದ್ಯುತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದ ನಮ್ಮಂಥವರ ಮನೆಗಳಿಗೂ ಶಾಲೆಗಳಿಗೂ ಇದು ಭಾರವಲ್ಲ.

ವಿದ್ಯುತ್ ಕಡಿತದ ಮಾತನ್ನೂ ಇಲ್ಲಿ ಹೇಳಬೇಕು. ಗುಡುಗು ಮಳೆಯ ದಿನಗಳಲ್ಲಿ ಹಳ್ಳಿಗಳ ಕಡೆ ಗಂಟೆಗಟ್ಟಲೆ ವಿದ್ಯುತ್ ಇಲ್ಲದಿರುವುದು ಹೊಸದೇನಲ್ಲ. ಮುಚ್ಚಿದ ಡಬ್ಬಿಯಂಥ ದೊಡ್ಡ ಫಿಲ್ಟರುಗಳಲ್ಲಿ ಹರಿವು ನಿಂತರೆ ಒಳಗಿನ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ತೀರಿ ಬ್ಯಾಕ್ಟೀರಿಯಾಗಳು ಸಾಯತೊಡಗುತ್ತವೆ. ವಿದ್ಯುತ್ ಬಂದಾಗ ಆ ಕೊಳೆ ತೊಟ್ಟಿಗೆ ಇಳಿಯುತ್ತದೆ. ಸ್ಪಂಜಾದರೋ ತೊಟ್ಟಿಯ ನೀರಿನಲ್ಲಿ ತೆರೆದೇ ಇರುವುದರಿಂದ ಆ ಅಪಾಯ ಬಹಳ ಕಡಿಮೆ. ಒಂದು ಎಚ್ಚರಿಕೆ ಮಾತ್ರ ಇರಲಿ: ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಬೇಕು, ಇಲ್ಲವೇ ನಳಿಕೆಗೆ ಹಿಮ್ಮುಖ ಹರಿವನ್ನು ತಡೆಯುವ ಕವಾಟ ಹಾಕಬೇಕು. ಇಲ್ಲದಿದ್ದರೆ ವಿದ್ಯುತ್ ಹೋದಾಗ ನೀರು ನಳಿಕೆಯಲ್ಲಿ ಹಿಂದಕ್ಕೆ ಬಂದು ಪಂಪನ್ನೂ ನೆಲವನ್ನೂ ತೋಯಿಸೀತು.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಹರಿವು ಕಡಿಮೆಯಾದರೆ ಆಮ್ಲಜನಕ ಸಾಲದು ಎನ್ನುತ್ತಾರೆ. ಆಮ್ಲಜನಕ ಬೆರೆಯುವುದು ನೀರಿನ ಮೇಲ್ಮೈಯಲ್ಲಿ. ಸ್ಪಂಜು ಫಿಲ್ಟರಿನ ಗುಳ್ಳೆಗಳು ಮೇಲ್ಮೈಯನ್ನು ಮೆಲ್ಲಗೆ ಕದಲಿಸುತ್ತಲೇ ಇರುತ್ತವೆ. ಮೀನು ಮಿತವಾಗಿದ್ದು ಗಿಡಗಳಿದ್ದರೆ ಅಷ್ಟು ಸಾಕು. ಬಲವಾದ ಫಿಲ್ಟರ್ ಇದ್ದರೆ ನೀರು ಬದಲಾಯಿಸುವ ಗೋಜಿಲ್ಲ ಎಂದು ಇನ್ನು ಕೆಲವರ ನಂಬಿಕೆ. ಇದು ತಪ್ಪು. ಯಾವ ಫಿಲ್ಟರಾದರೂ ನೈಟ್ರೇಟನ್ನು ಕೂಡಿಡುತ್ತದೆಯೇ ಹೊರತು ಮಾಯ ಮಾಡುವುದಿಲ್ಲ. ವಾರಕ್ಕೊಮ್ಮೆ ನಾಲ್ಕನೆಯ ಒಂದು ಪಾಲು ನೀರನ್ನು ಬದಲಿಸುವುದು ತಪ್ಪದು. ಸ್ಪಂಜು ನೋಡಲು ಚೆಂದವಿಲ್ಲ ಎಂಬ ಆಕ್ಷೇಪಣೆಯನ್ನು ಮಾತ್ರ ಒಪ್ಪಬೇಕು. ಅದಕ್ಕೆ ಬೇರಿನ ತುಂಡೋ ಕಲ್ಲೋ ಮರೆಯಾಗಲಿ.

ಹಾಗೆಂದು ಸ್ಪಂಜೇ ಸರ್ವರೋಗಕ್ಕೂ ಮದ್ದು ಎಂದು ನಮ್ಮ ವಾದವಲ್ಲ. ಮೂರು ನಾಲ್ಕಡಿಯ ದೊಡ್ಡ ತೊಟ್ಟಿಗಳಿಗೆ ಹೊರಗಿನ ಡಬ್ಬಿ ಫಿಲ್ಟರ್ ಬೇಕಾಗಬಹುದು. ಆಗ ನೀರು ಹೊರಬರುವಲ್ಲಿ ಉದ್ದಕ್ಕೂ ತೂತುಗಳಿರುವ ಕೊಳವೆಯನ್ನು ಜೋಡಿಸಿ, ಅದನ್ನು ಗಾಜಿನ ಗೋಡೆಗೆ ಮುಖಮಾಡಿದರೆ ರಭಸ ಮುರಿಯುತ್ತದೆ. ಎಳೆದುಕೊಳ್ಳುವ ಬಾಯಿಗೆ ಸ್ಪಂಜಿನ ತುಂಡು ತೊಡಿಸಿದರೆ ಮರಿಗಳು ಉಳಿಯುತ್ತವೆ. ಇನ್ನು ಹರಿವ ನೀರಿನ ಮೀನುಗಳಿಗೆ ಹರಿವೇ ಪ್ರಾಣ. ಕಾಸರಗೋಡಿನವರಿಗೆ ಚಂದ್ರಗಿರಿ ಹೊಳೆ, ನಮ್ಮವರ ಬಾಯಲ್ಲಿ ಪಯಸ್ವಿನಿ, ಪರಿಚಿತವಷ್ಟೆ. ಪಶ್ಚಿಮ ಘಟ್ಟದ ಇಂಥ ಹೊಳೆಗಳಲ್ಲಿರುವ, ವ್ಯಾಪಾರಿಗಳು ‘ಮಿಸ್ ಕೇರಳ’ ಎಂದು ಕರೆಯುವ ಕೆಂಪು ಪಟ್ಟೆಯ ಡೆನಿಸನ್ ಮೀನನ್ನು 1865ರಲ್ಲಿ ಫ್ರಾನ್ಸಿಸ್ ಡೇ ವಿಜ್ಞಾನ ಲೋಕಕ್ಕೆ ಪರಿಚಯಿಸಿದನು. ಅದಕ್ಕೆ ಓಡುವ, ಆಮ್ಲಜನಕ ತುಂಬಿದ ನೀರೂ ಉದ್ದನೆಯ ತೊಟ್ಟಿಯೂ ಬೇಕು. ಕುಂಟೆಯ ಮೀನನ್ನೂ ಹೊಳೆಯ ಮೀನನ್ನೂ ಒಂದೇ ತೊಟ್ಟಿಗೆ ಹಾಕಿದರೆ ಇಬ್ಬರಲ್ಲಿ ಒಬ್ಬರಿಗೆ ಅನ್ಯಾಯವಾಗುವುದು ಖಂಡಿತ. ಮೀನಿಗೆ ತಕ್ಕ ಫಿಲ್ಟರ್ ಇರಬೇಕೇ ಹೊರತು ಫಿಲ್ಟರಿಗೆ ತಕ್ಕಂತೆ ಮೀನು ಬದಲಾಗದು. ಅಂದಹಾಗೆ ಡೆನಿಸನ್ ಮೀನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿ ಸೇರಿದೆ. ಹೊಳೆಯಿಂದ ಹಿಡಿದು ಮಾರುವ ಆಸೆಯೇ ಅದಕ್ಕೆ ಒಂದು ಮುಖ್ಯ ಕಾರಣ ಎಂಬುದನ್ನು ಮರೆಯಬಾರದು.

ನಿರ್ವಹಣೆಯ ಬಗ್ಗೆ ಎರಡು ಮಾತು. ಸ್ಪಂಜನ್ನು ಮೂರು ನಾಲ್ಕು ವಾರಗಳಿಗೊಮ್ಮೆ ಹಿಂಡಿ ತೊಳೆಯಬೇಕು. ಆದರೆ ನಲ್ಲಿಯ ಕೆಳಗೆ ಹಿಡಿದಲ್ಲ. ಕ್ಲೋರಿನ್ ಬೆರೆತ ನೀರು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ಹಳೆಯ ನೀರನ್ನೇ ಬಕೀಟಿಗೆ ತುಂಬಿ ಅದರಲ್ಲಿ ಅದ್ದಿ ಹಿಂಡಿದರೆ ಸಾಕು. ಹರಿವು ಹೆಚ್ಚಾಗಿದೆಯೇ ಎಂದು ತಿಳಿಯಲು ಯಾವ ಉಪಕರಣವೂ ಬೇಡ. ಒಂದು ಚಿಕ್ಕ ಒಣ ಎಲೆಯನ್ನು ನೀರಿನ ಮೇಲೆ ಬಿಡಿ. ಅದು ತೇಲುತ್ತಾ ಮೆಲ್ಲಗೆ ಜಾಗ ಬದಲಿಸಿದರೆ ಸರಿ; ಗಾಣದ ಎತ್ತಿನಂತೆ ಸುತ್ತತೊಡಗಿದರೆ ತಿರುಪನ್ನು ತಗ್ಗಿಸಿ. ಮೀನುಗಳೆಲ್ಲ ಒಂದೇ ಕಡೆ ಮುಖಮಾಡಿ ಈಜುತ್ತಲೇ ಇದ್ದರೆ, ರೆಕ್ಕೆ ಮುದುರಿ ಮೂಲೆ ಸೇರಿದ್ದರೆ ಅದೂ ಒಂದು ದೂರೇ.

ಇಷ್ಟು ಸಣ್ಣ ವಿಷಯಕ್ಕೆ ಪತ್ರಿಕೆಯ ಅಂಕಣವೇ ಎಂದು ಕೆಲವರಾದರೂ ಕೇಳಬಹುದು. ವಿಷಯ ಅಷ್ಟು ಸಣ್ಣದಲ್ಲ. ನಂದಿಬೆಟ್ಟದ ಕಡೆ ಹುಟ್ಟುವ ದಕ್ಷಿಣ ಪಿನಾಕಿನಿ, ತಮಿಳರ ತೆನ್‌ಪೆಣ್ಣೈ, ಹೊಸಕೋಟೆಯ ಮೇಲಿಂದ ಬಾಗಲೂರಿನ ಬಳಿ ನಮ್ಮ ಸೀಮೆಗೆ ಬರುತ್ತದೆ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ನೀರೂ ಅದಕ್ಕೇ ಸೇರುತ್ತದೆ. ಆ ಕೊಳೆಯ ಫಲವಾಗಿ ಹೊಸೂರಿನ ಪಕ್ಕದ ಕೆಲವರಪಳ್ಳಿ ಅಣೆಕಟ್ಟಿನಿಂದ ಬಿಟ್ಟ ನೀರಿನ ಮೇಲೆ ಆಳೆತ್ತರದ ನೊರೆ ನಿಂತ ಚಿತ್ರಗಳನ್ನು ಓದುಗರು ಕಳೆದ ಕೆಲವು ವರ್ಷಗಳಲ್ಲಿ ನೋಡಿರಬಹುದು. ಅದೇ ನದಿ ಮುಂದೆ 1957ರಲ್ಲಿ ಕಾಮರಾಜರು ಉದ್ಘಾಟಿಸಿದ ಕೃಷ್ಣಗಿರಿ ಅಣೆಕಟ್ಟಿಗೆ ಹೋಗುತ್ತದೆ. ಲಕ್ಷಾಂತರ ಜನರ ಕೊಳೆಯನ್ನು ಹೊತ್ತ ನದಿಗೆ ಫಿಲ್ಟರ್ ಎಲ್ಲಿದೆ? ಅದರ ಫಿಲ್ಟರ್ ಕೆರೆಗಳ ಅಂಚಿನ ಜೊಂಡು, ಕೆಸರು, ಅಲ್ಲಿ ಬೀಡುಬಿಟ್ಟ ಅದೇ ಸೂಕ್ಷ್ಮಜೀವಿಗಳು. ಕೆರೆಯಂಚನ್ನು ಮುಚ್ಚಿ ನಿವೇಶನ ಮಾಡಿದಾಗ ನಾವು ಹರಿದುಹಾಕುವುದು ಆ ಸ್ಪಂಜನ್ನೇ. 45 ಲೀಟರಿನ ತೊಟ್ಟಿಯಲ್ಲಿ ಆರು ವಾರ ಕಾದು ಅಮೋನಿಯ ಇಳಿಯುವುದನ್ನು ಕಂಡ ಮಗುವಿಗೆ ಇದನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ.

ಇನ್ನೂ ಒಂದು ಮಾತು. ಕೆರೆ, ಕುಂಟೆ, ತೂಬು, ಕೋಡಿ, ಜೊಂಡು ಎಂಬ ಪದಗಳು ನಮ್ಮ ಕಡೆಯ ಕನ್ನಡ ಮನೆಗಳ ಹಿರಿಯರ ಬಾಯಲ್ಲಿ ಇನ್ನೂ ಇವೆ. ಮಕ್ಕಳ ಬಾಯಿಗೆ ಅವು ಬರಬೇಕಾದರೆ ಆ ವಸ್ತುಗಳು ಕಣ್ಣ ಮುಂದಿರಬೇಕು. ಕನ್ನಡ ಮಾಧ್ಯಮದಲ್ಲಿ ಓದುವ ಮಗು “ಅಜ್ಜ, ನಿಮ್ಮ ಕಾಲದಲ್ಲಿ ಈ ಕೆರೆಯಲ್ಲಿ ಯಾವ ಮೀನಿತ್ತು?” ಎಂದು ಕೇಳುವಂತಾದರೆ ವಿಜ್ಞಾನವೂ ಉಳಿಯಿತು, ಭಾಷೆಯೂ ಉಳಿಯಿತು. ಇದಕ್ಕೆ ಸರ್ಕಾರದ ಆದೇಶ ಬೇಡ, ಅನುದಾನ ಬೇಡ.

ಕಾಸರಗೋಡಿನ ಕನ್ನಡ ಶಾಲೆಗಳ ಅಧ್ಯಾಪಕ ಬಂಧುಗಳಲ್ಲಿಯೂ ತಾಯಿತಂದೆಯರಲ್ಲಿಯೂ ನಮ್ಮ ವಿನಂತಿ ಇಷ್ಟೆ. ತೊಟ್ಟಿ ಇಡುವುದಾದರೆ ನಿಮ್ಮ ಊರಿನ ಪಳ್ಳದ ಅಥವಾ ತೋಡಿನ ಪ್ರತಿರೂಪವಾಗಿರಲಿ. ಮೊದಲು ಆ ನೀರಿನ ದಂಡೆಯಲ್ಲಿ ಮಕ್ಕಳನ್ನು ಕೂರಿಸಿ, ನೀರು ಹೇಗೆ ನಡೆಯುತ್ತದೆ ಎಂಬುದನ್ನು ನೋಡಲಿ. ಫಿಲ್ಟರನ್ನು ಆಮೇಲೆ ಆರಿಸಿ. ಆರು ವಾರ ತಾಳ್ಮೆಯಿರಲಿ, ಮೀನು ನಾಲ್ಕಾರೇ ಇರಲಿ. ಸಾಕಿ ಬೇಸರವಾದ ಹೊರದೇಶದ ಮೀನನ್ನು ಎಂದೂ ಕೆರೆಗೆ ಬಿಡಬೇಡಿ. ಹಾಗೆ ಬಿಟ್ಟ ಮೀನು ಊರಿನ ಮೀನಿನ ಅನ್ನ ಕಸಿಯುತ್ತದೆ. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ನೀರಿನ ಹರಿವಿಗೂ ಸಲ್ಲುತ್ತದೆ.